ನೆಗೆಟಿವ್‌ನಲ್ಲಿ ಕಲೆ ಬೆಳ್ಳಗಿರುತ್ತದೆ

1983ರ ನವೆಂಬರ್ 13, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಆರ್.ಟಿ. ನಗರದ ಸಣ್ಣ ಫೋಟೋ ಸ್ಟುಡಿಯೋ ಒಂದರ ಹಿಂಬದಿ ಕೋಣೆಯಲ್ಲಿ ಶಹರ್‌ಬಾನು ದೀಪ ಹಾಕದೆ ಕೂತಿದ್ದಾರೆ. ಎದುರಿಗೆ ಇಳಿಜಾರಾದ ಮರದ ಚೌಕಟ್ಟು, ಅದರ ನಡುವೆ ಮಸುಕು ಗಾಜು, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು, ಗಾಜನ್ನು ಹಾದು, ಕೆಳಗಿನಿಂದ ಅವರ ಮುಖಕ್ಕೆ ಬರುತ್ತದೆ. ಗದ್ದ ಬೆಳ್ಳಗೆ, ಹಣೆ ಕತ್ತಲೆ. ಕಿಟಕಿಯ ದಾರದಲ್ಲಿ ನೆಗೆಟಿವ್‌ಗಳು ನೇತಾಡುತ್ತಿವೆ: ಕಪ್ಪು ಮುಖ, ಬಿಳಿ ಕೂದಲು, ಬಿಳಿ ಕಣ್ಣಾಲಿ. ಗಾಳಿಯಿಲ್ಲದಿದ್ದರೂ ಒಂದೆರಡು ನಿಧಾನಕ್ಕೆ ತಿರುಗುತ್ತವೆ.

ಅವರು ಒಂದನ್ನು ಗಾಜಿನ ಮೇಲಿಡುತ್ತಾರೆ. ಮೊದಲು ಅದರ ಕಣ್ಣುಗಳ ಮೇಲೆ ಕಪ್ಪು ಕಾಗದದ ಪಟ್ಟಿ ಇಟ್ಟು ಮುಚ್ಚುತ್ತಾರೆ.

"ನೋಡ್ತಾನೇ ಇರ್ತಾವೆ ಕಣ್ರೀ. ಕೆಲ್ಸ ಮಾಡಕ್ ಬಿಡಲ್ಲ."

ಶಹರ್‌ಬಾನು ಅವರ ಕೆಲಸ ರೀಟಚಿಂಗ್. ಮೊಡವೆ ಮಾಗಿದ ಮೇಲೆ ಕೆನ್ನೆಯಲ್ಲಿ ಉಳಿಯುವ ಕಪ್ಪು ಕಲೆ ನೆಗೆಟಿವ್‌ನಲ್ಲಿ ಕಪ್ಪಗಿರುವುದಿಲ್ಲ. ಅಲ್ಲಿ ಅದು ಬೆಳಕಿನ ತೂತು. ಸೂಜಿಯಂತೆ ಮಸೆದ ಪೆನ್ಸಿಲ್ಲಿನಿಂದ ಆ ತೂತನ್ನು ತುಂಬಿದರೆ, ಅಚ್ಚಾದ ಫೋಟೋದಲ್ಲಿ ಕೆನ್ನೆ ನುಣುಪಾಗುತ್ತದೆ. ಹದಿನೆಂಟು ವರ್ಷದಿಂದ ಅವರು ತುಂಬುತ್ತಿರುವುದು ಇದನ್ನೇ. ಮದುವೆಗೆ ಕಳಿಸುವ ಫೋಟೋಗಳೇ ಹೆಚ್ಚು. ಒಳ್ಳೆಯ ಬೆಳಕಿದ್ದರೆ ಒಂದು ಬೆಳಗಿನಲ್ಲಿ ಏಳೆಂಟು ಮುಖ ಮುಗಿಯುತ್ತವೆ. ಕಣ್ಣು ಸೋತಿದೆ, ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ. ಬಸ್ಸಿನಲ್ಲಿ ಗಿರಾಕಿಗಳು ಮಾತಾಡಿಸಿದರೆ ಗುರುತು ಹತ್ತುವುದಿಲ್ಲ. "ಮನಸ್ಸಲ್ಲೇ ಅವರ ಮುಖ ಕರ್‍ರಗೆ ಮಾಡ್ಕೊಂಡು, ಕಣ್ಣು ಬೆಳ್ಳಗೆ ಮಾಡ್ಕೊಂಡ್ರೆ ಆಗ ಗೊತ್ತಾಗತ್ತೆ, ಓ ಇವ್ರು ಅಂತ."

ಜನ ಅವರ ಬಳಿ ಬರಲು ಶುರುವಾದದ್ದು ಒಂದು ಬೋರ್ಡಿನಿಂದ. 'ಮುಖದ ಕಲೆ ತೆಗೆಯಲಾಗುವುದು' ಎಂದು ಮಾಲೀಕ ಆಂಜಿನಪ್ಪ ಹೊರಗೆ ಬರೆಸಿದರು. 'ಫೋಟೋದಲ್ಲಿ' ಎಂಬ ಪದ ಬಿಟ್ಟುಹೋಯಿತು. ಜನ ನಿಜವಾದ ಮುಖ ಹೊತ್ತು ಬಂದರು.

"ಡ್ರಾಯಿಂಗ್ ಕಲಿಸ್ತೀರಾ ಅಂತಾನೂ ಒಬ್ಬ ಬಂದಿದ್ದ," ಎಂದು ಆಂಜಿನಪ್ಪ ನಗುತ್ತಾರೆ. "ಕಲೆ ಅಂತ ಬರ್ದಿದ್ರಲ್ಲಾ ಸಾರ್, ಅಂದ. ಏನ್ ಹೇಳ್ಲಿ?"

ಬಂದವರನ್ನು ಶಹರ್‌ಬಾನು ಚರ್ಮದ ಡಾಕ್ಟರ ಬಳಿಗೆ ಕಳಿಸುತ್ತಿದ್ದರು. ಆ ಡಾಕ್ಟರು ಹೇಳಿದ್ದನ್ನು ಈಗ ತಾವೂ ಹೇಳುತ್ತಾರೆ: ಚಿವುಟಬೇಡಿ, ನಿಂಬೆಹಣ್ಣು, ಸೋಡಾ ತಿಕ್ಕಬೇಡಿ, ಬಿಸಿಲಿಗೆ ಕೊಡೆ ಹಿಡಿಯಿರಿ, ಹೆಸರಿಲ್ಲದ ಡಬ್ಬಿಯ ಕ್ರೀಮು ಮುಟ್ಟಬೇಡಿ, ತಿಂಗಳುಗಟ್ಟಲೆ ಕಾಯಿರಿ. ಕೊನೆಯದನ್ನು ಯಾರೂ ಕೇಳುವುದಿಲ್ಲ.

ಈಗ ಗಾಜಿನ ಮೇಲಿರುವ ಮುಖ ರತ್ನವ್ವನದು. ಗದಗದ ಕಡೆಯಿಂದ ಬಂದು ಯಶವಂತಪುರದಲ್ಲಿ ನೆಲೆಸಿದ ಮನೆಯ ಹುಡುಗಿ, ಕಾರ್ಖಾನೆಯೊಂದರಲ್ಲಿ ತಂತಿ ಸುತ್ತುವ ಕೆಲಸ. ಈ ವರ್ಷ ಮೇ ತಿಂಗಳಲ್ಲಿ ಅವಳು ಫೋಟೋಕ್ಕೆ ಕೂತಾಗ ಕೆನ್ನೆ ಫಳಫಳ ಹೊಳೆಯುತ್ತಿತ್ತು. ಯಾರೋ ಕೊಟ್ಟ ಮುಲಾಮಿನಿಂದ ಹಳೆಯ ಕಲೆಗಳೆಲ್ಲ ಹದಿನೈದೇ ದಿನದಲ್ಲಿ ತಿಳಿಯಾಗಿದ್ದವು. ಆದರೆ ನೆಗೆಟಿವ್ ನೋಡಿದ ಶಹರ್‌ಬಾನು ಪೆನ್ಸಿಲ್ ಎತ್ತಲಿಲ್ಲ. ಮುಖದಲ್ಲಿ ಇಲ್ಲದ ಚುಕ್ಕಿಗಳು ಫಿಲ್ಮಿನಲ್ಲಿದ್ದವು. ಎರಡೂ ಕೆನ್ನೆಯ ತುಂಬ ಬಿಳಿ ಚುಕ್ಕಿ, ನಡುನಡುವೆ ನೂಲಿನಂಥ ಬಿಳಿ ಗೆರೆ.

"ಇನ್ನೊಬ್ಬಳು ಅವಳ ಚರ್ಮದೊಳಗಿಂದ ಹೊರಗೆ ಬರ್ತಾ ಇದ್ದಂಗಿತ್ತು."

ಮುಲಾಮು ಬಿಡಮ್ಮ ಎಂದು ಆವತ್ತೇ ಹೇಳಿದರು. ತಾಯಿ ಸಂಗವ್ವ ಸಿಟ್ಟಾದರು: "ನಿಮ್ಮ ದೃಷ್ಟಿ ತಾಗ್ಯದ ನೋಡ್ರಿ. ಕನ್ನಡಿಯೊಳಗ ಚಂದ ಕಾಣ್ತಾಳ, ನಿಮ್ಮ ಗಾಜಿನೊಳಗ ದೆವ್ವ ಕಾಣ್ತದ?" ಜೂನ್ ಮುಗಿಯುವ ಹೊತ್ತಿಗೆ, ಫಿಲ್ಮಿನಲ್ಲಿ ಚುಕ್ಕಿ ಇದ್ದಲ್ಲೆಲ್ಲ ಮೊಡವೆ ಎದ್ದು ಮುಖ ಕೆಂಪಗೆ ಉರಿಯಿತು.

ಇದಕ್ಕೆ ಕಾರಣ ಇದೆ. ಈ ಸ್ಟುಡಿಯೋ ಬಳಸುವುದು ಹಳೆಯ ಬಗೆಯ ಫಿಲ್ಮ್. ಅದು ಕೆಂಪು ಬೆಳಕನ್ನು ಗ್ರಹಿಸುವುದಿಲ್ಲ. ಚರ್ಮದಡಿ ರಕ್ತ ಸೇರಿ, ಕಣ್ಣಿಗೆ ಇನ್ನೂ ಕಾಣದಷ್ಟು ನಸುಗೆಂಪಾದ ಜಾಗವನ್ನೂ ಅದು ಖಾಲಿ ಬಿಟ್ಟು, ನೆಗೆಟಿವ್‌ನಲ್ಲಿ ಬಿಳಿ ಚುಕ್ಕಿಯಾಗಿ ತೋರಿಸುತ್ತದೆ. ಆ ಮುಲಾಮಿನಲ್ಲಿದ್ದುದು ಸ್ಟೆರಾಯ್ಡ್. ಮೊದಲು ತಿಳಿಯಾಗಿಸಿ, ಒಳಗೇ ಚರ್ಮ ತೆಳುವಾಗಿಸಿ, ಆಮೇಲೆ ಮುಖದ ತುಂಬ ಮೊಡವೆ ಎಬ್ಬಿಸುತ್ತದೆ. ಇಷ್ಟು ತಿಳಿದಿದ್ದೂ ಮೇ ತಿಂಗಳ ಆ ನೆಗೆಟಿವ್ ಹಿಡಿದು ನೋಡಿದರೆ ಬೇಗ ಕೆಳಗಿಡಬೇಕು ಅನ್ನಿಸುತ್ತದೆ. ಹುಡುಗಿ ನಗುತ್ತಿದ್ದಾಳೆ, ಮುಂದಿನ ತಿಂಗಳ ಮುಖ ಅವಳ ನಗುವಿನ ಸುತ್ತ ಆಗಲೇ ಕಾಯುತ್ತಿದೆ.

ಡಾಕ್ಟರು ಮುಲಾಮನ್ನು ಹಂತಹಂತವಾಗಿ ಬಿಡಿಸಿದರು. ಮೊಡವೆ ಇಳಿದು ಕಪ್ಪು ಕಲೆಗಳು ಉಳಿದವು. ಅಂದಿನಿಂದ ಪ್ರತಿ ತಿಂಗಳು ರತ್ನವ್ವ ಇಲ್ಲಿಗೆ ಬಂದು ಕೂರುತ್ತಾಳೆ. ಶಹರ್‌ಬಾನು ಹಳೆಯ ಫಿಲ್ಮಿನ ಪಕ್ಕ ಹೊಸದನ್ನಿಟ್ಟು ನೋಡುತ್ತಾರೆ. ಇವತ್ತಿನದು ನಿನ್ನೆ ಸಂಜೆ ತೆಗೆದದ್ದು, ಗಂಡಿನ ಮನೆಗೆ ಹೋಗಬೇಕಾದದ್ದು. ಮುಖ ನಿಜಕ್ಕೂ ಶಾಂತವಾಗಿದೆಯೋ, ಒಳಗೆ ಮತ್ತೇನಾದರೂ ಏಳುತ್ತಿದೆಯೋ, ಅದೂ ಇಲ್ಲೇ ತಿಳಿಯಬೇಕು.

ಏಳು ಗಂಟೆಗೆ ತಾಯಿ ಮಗಳು ಬರುತ್ತಾರೆ. ಮಗಳ ಕೈಯಲ್ಲಿ ಮಡಿಸಿದ ಕೊಡೆ. ಇಬ್ಬರೂ ಬಾಗಿಲಲ್ಲೇ ನಿಲ್ಲುತ್ತಾರೆ.

ಶಹರ್‌ಬಾನು ಭೂತಕನ್ನಡಿ ಹಿಡಿದು ಹಣೆಯಿಂದ ಗದ್ದದವರೆಗೆ ಇಂಚಿಂಚು ನೋಡುತ್ತಾರೆ. ಎಡಗೆನ್ನೆಯಲ್ಲಿ ಕೈ ನಿಲ್ಲುತ್ತದೆ. ಸಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

"ಏನದರೀ ಒಳಗ?"

"ಹೊಸಾದು ಒಂದೂ ಇಲ್ಲಮ್ಮ. ಹಳೇವು ಮಾಸ್ತಾ ಇದಾವೆ. ಇದೊಂದು ಮಾತ್ರ ಹಟ ಹಿಡ್ದು ಕೂತಿದೆ."

ಸಂಗವ್ವ ಉಸಿರು ಬಿಟ್ಟು, ತಕ್ಷಣ ಚೌಕಾಸಿಗೆ ಇಳಿಯುತ್ತಾರೆ: "ಹಂಗಾರ ಅದೊಂದನ್ನ ಪೆನ್ಸಿಲ್ಲಿನಾಗ ಮುಚ್ಚಿಬಿಡ್ರಿ ಬಾನು ಅಕ್ಕಾರ. ನಾಳಿ ಕಳಸೋದದ."

"ಬ್ಯಾಡ್ರಿ ಅಕ್ಕಾರ," ರತ್ನವ್ವ ಎನ್ನುತ್ತಾಳೆ. "ಫೋಟೋದಾಗಿನಾಕಿ ಒಬ್ಬಾಕಿ, ಎದುರಿಗೆ ಕುಂತಾಕಿ ಇನ್ನೊಬ್ಬಾಕಿ. ಅವರು ನೋಡಾಕ ಬಂದಾಗ ನಾ ಮತ್ತ ಆ ಮುಲಾಮಿಗೇ ಓಡಬೇಕೇನು?"

"ಅಷ್ಟೊಂದು ಮಾತು ಬ್ಯಾಡ ನಿಂಗ."

"ಈ ಕಲಿ ನಂದೈತಿ ಯವ್ವಾ. ಅವರು ಫೋಟೋದಾಗ ಇದನ್ನ ನೋಡೇ ಬರ್ಲಿ."

ಸಂಗವ್ವ ಗಾಜಿನ ಮೇಲಿನ ಕಪ್ಪು ಮುಖವನ್ನೂ ಬಾಗಿಲಲ್ಲಿ ನಿಂತ ಮುಖವನ್ನೂ ಒಮ್ಮೆ ನೋಡಿ, ಮಗಳ ಕೈಯಿಂದ ಕೊಡೆ ತೆಗೆದುಕೊಳ್ಳುತ್ತಾರೆ. ಶಹರ್‌ಬಾನು ಮಸೆದ ಪೆನ್ಸಿಲ್ಲನ್ನು ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ಫಿಲ್ಮಿನ ಕಣ್ಣ ಮೇಲಿನ ಪಟ್ಟಿ ಎತ್ತುತ್ತಾರೆ. ಬಿಳಿ ಕಣ್ಣಾಲಿಗಳು ನೋಡುತ್ತವೆ; ಈ ಸಲ ಅವರು ನೋಟ ತಪ್ಪಿಸುವುದಿಲ್ಲ.

"ಹದಿನೆಂಟು ವರ್ಷದಲ್ಲಿ ನನ್ ಪೆನ್ಸಿಲ್ ತಾಗದೆ ಗಂಡಿನ ಮನೆಗೆ ಹೋಗ್ತಾ ಇರೋದು ಇದೊಂದೇ ಮುಖ. ಚೆನ್ನಾಗೇ ಬಂದಿದೆ, ಅಲ್ವಾ?" ಎಂದು ಸ್ಕೇಲು ತೆಗೆದುಕೊಂಡು, ರತ್ನವ್ವನನ್ನು ಕಿಟಕಿಯ ಬಳಿ ನಿಲ್ಲಿಸಿ ಅಳೆಯುತ್ತಾರೆ.

ಆಗಸ್ಟ್‌ನಲ್ಲಿ ಆ ಕಲೆಯ ಅಗಲ ಐದು ಮಿಲಿಮೀಟರ್. ಇವತ್ತು ಮೂರು.