ಕಪಾಟಿನ ಮೇಲಿನ ಕಾರ್ಟನ್

ಇಟಲಿಯ ಗೆಳೆಯನ ಮನೆಯ ಕಿಟಕಿ ತೆರೆದರೆ ಕೆಳಗೆ ಇಡೀ ಸಮುದ್ರ. ನನ್ನ ಹೆಂಡತಿ ಶಶಿ ಅದಕ್ಕೆ ಬೆನ್ನು ಹಾಕಿ ಕಪಾಟಿನ ಮೇಲೆ ನೋಡುತ್ತಿದ್ದಳು.

"ಇವರ ಟಿವಿಯ ಕಾರ್ಟನ್ ಎಲ್ಲಿ?" ಎಂದು ಮೆಲ್ಲಗೆ ಕೇಳಿದಳು.

ಗಲ್ಫ್‌ನಲ್ಲಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನವರಿಗಾಗಿ ಹೇಳುತ್ತೇನೆ. ನಾವು ಗಲ್ಫ್‌ನವರು ಟಿವಿ, ಮಿಕ್ಸಿ, ಓವನ್ ಏನು ಕೊಂಡರೂ ಅದು ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಸಾಡುವುದಿಲ್ಲ. ಕಪಾಟಿನ ಮೇಲೆ ಇಡುತ್ತೇವೆ. ಯಾಕೆ? ಒಂದು ದಿನ ವೀಸಾ ಮುಗಿಯುತ್ತದೆ. ಆಗ ಎಲ್ಲವನ್ನೂ ಅದರೊಳಗೇ ತುಂಬಿಸಿ ಊರಿಗೆ ಕಾರ್ಗೋ ಹಾಕಬೇಕು. ದುಬೈಯ ನಮ್ಮ ಫ್ಲ್ಯಾಟ್‌ನಲ್ಲಿ ಆ 'ಒಂದು ದಿನ' ಹದಿನೈದು ವರ್ಷದಿಂದ ಕಪಾಟಿನ ಮೇಲೆ ಕೂತಿದೆ.

(ಈಗ ಅದು ಸ್ವಲ್ಪ ಅಂಚಿಗೆ ಸರಿದಿದೆ. ನನ್ನ ವೀಸಾ ಮುಂದಿನ ತಿಂಗಳು ಮುಗಿಯುತ್ತದೆ. ಪತ್ರಿಕೆಯ ಡೆಸ್ಕ್‌ನಲ್ಲಿ ಈ ವರ್ಷ ಎರಡು ಕುರ್ಚಿ ಖಾಲಿಯಾಗಿವೆ. ರಿನ್ಯೂವಲ್ ಬಗ್ಗೆ ಕೇಳಿದರೆ ಮ್ಯಾನೇಜರ್, "ನೋಡುವಾ. ರಜೆ ಬಾಕಿ ಇದ್ದರೆ ಮುಗಿಸಿಬಿಡಿ" ಎಂದರು. ಹಾಗಾಗಿಯೇ ಇಟಲಿ.)

ಆ ಮನೆ ಲ್ಯಾನ್ಸಿಯದು. ಹಿಂದೆ ದುಬೈಯ ಸತ್ವಾದ ಬ್ಯಾಚುಲರ್ ರೂಮಿನಲ್ಲಿ ನನ್ನ ಮೇಲಿನ ಮಂಚದಲ್ಲಿ ಮಲಗುತ್ತಿದ್ದ ಬಂಟ್ವಾಳದವನು. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಇಟಲಿಯಲ್ಲಿ ನರ್ಸ್ ಆಗಿದ್ದ ಜೂಲಿಯಾನಳನ್ನು ಮದುವೆಯಾಗಿ ಅವನು ಹೊರಟಾಗ ನಾವೆಲ್ಲ ಮರುಗಿದ್ದೆವು. ದುಬೈ ಬಿಟ್ಟು ಹಳ್ಳಿಗೆ ಹೋಗುವುದಾ, ಪಾಪ!

ಆ ಪಾಪದವನ ಹಳ್ಳಿ ಕಡಿದಾದ ಬಂಡೆಯ ನೆತ್ತಿಯ ಮೇಲಿದೆ. ಕಾರು ಒಳಗೆ ಬರುವುದಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಕೇಳಿಸುವುದು ಯಾರದೋ ಮನೆಯ ಚಮಚದ ಸದ್ದು ಮಾತ್ರ. ಎಸಿಯ ಗುಂಯ್ ಇಲ್ಲದೆ ಎಷ್ಟು ಕಾಲದ ಮೇಲೆ ಮಲಗಿದೆ!

ಎದ್ದಾಗ ಹೊಟ್ಟೆಯಲ್ಲಿ ಉರಿ. ಊಟದ್ದಲ್ಲ.

ನಾನು ಸುದ್ದಿಮನೆಯವನು. ಎರಡೂ ಕಡೆಯ ಹೇಳಿಕೆ ಬೇಕು. "ಇಲ್ಲಿ ಕಷ್ಟ ಎಂತ ಉಂಟು?" ಎಂದು ಲ್ಯಾನ್ಸಿಯನ್ನು ಕೇಳಿದೆ.

"ತುಂಬ ಉಂಟು ಮಾರಾಯ. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಹೋಯ್ತು. ಆಸ್ಪತ್ರೆ ದೂರ. ಚಳಿಗಾಲದಲ್ಲಿ ಮಾತಾಡ್ಲಿಕ್ಕೆ ಜನ ಇಲ್ಲ."

ನನಗೆ ಸಮಾಧಾನವಾಯಿತು. "ಹಾಗಾದ್ರೆ ದುಬೈ ನೆನಪಾಗ್ತದಲ್ಲ?"

"ಕರಕ್ ಚಾ ನೆನಪಾಗ್ತದೆ."

ಮುಂದಿನ ವಾಕ್ಯಕ್ಕಾಗಿ ಕಾದೆ. ಅವನು ಬೆಳ್ಳುಳ್ಳಿ ಸುಲಿಯುತ್ತ ಕೂತ. ಅಷ್ಟೇ.

ಶಶಿಗೆ ತಡೆಯಲಾಗಲಿಲ್ಲ. "ಅಲ್ಲ ಲ್ಯಾನ್ಸಿ, ಕಾರ್ಟನ್ ಎಲ್ಲ ಎಲ್ಲಿಟ್ಟಿದ್ದೀರಿ?"

"ಯಾವ ಕಾರ್ಟನ್?"

"ಟಿವಿದು, ಮಿಕ್ಸಿದು."

ಅವನು ಜೋರಾಗಿ ನಕ್ಕ. "ಅಯ್ಯೋ ಅಕ್ಕ, ಅದನ್ನು ತಂದ ದಿನವೇ ಬಿಸಾಡಿದ್ದು. ನಾನು ಎಲ್ಲಿಗೆ ಹೋಗ್ಲಿಕ್ಕುಂಟು?"

ಇಂಥ ವಾಕ್ಯವನ್ನು ದುಬೈಯಲ್ಲಿ ಯಾರ ಬಾಯಲ್ಲಾದರೂ ಕೇಳಿದ್ದೀರಾ?

ಸಂಜೆ ಪಕ್ಕದ ಮನೆಯ ಅಜ್ಜಿ ಬಂದರು. ಲ್ಯಾನ್ಸಿಯೇ ದುಭಾಷಿ. ದುಬೈಯಲ್ಲಿ ಇಪ್ಪತ್ತು ವರ್ಷ ಎಂದೆ. ಹಾಗಾದರೆ ಅದೇ ನಿಮ್ಮ ಊರು ಎಂದರು. ಅಲ್ಲ, ನಾವಿರುವುದು ವೀಸಾದಲ್ಲಿ ಎಂದೆ. ಎಷ್ಟು ಕಾಲದ್ದು? ಎರಡು ವರ್ಷಕ್ಕೊಮ್ಮೆ ಹೊಸದು. ಅಜ್ಜಿ ನನ್ನ ಕೈ ಹಿಡಿದು ಮೆಲ್ಲಗೆ ತಟ್ಟಿದರು, ಸಾವಿನ ಮನೆಯಲ್ಲಿ ತಟ್ಟುವ ಹಾಗೆ.

"ನಮ್ಮಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ ಅಂತ ಹೇಳು" ಎಂದೆ ಲ್ಯಾನ್ಸಿಗೆ. ಅವನು ಅದನ್ನು ಅನುವಾದಿಸಲಿಲ್ಲ.

ವಾಪಸ್ ಬಂದ ಮೊದಲ ಶುಕ್ರವಾರ ಶಶಿ ಸ್ಟೂಲ್ ಹತ್ತಿದಳು. "ನಾವೂ ಬಿಸಾಡುವ. ಅವರಿಗೆ ಆಗುವುದು ನಮಗೆ ಆಗುವುದಿಲ್ವಾ?"

ರಿನ್ಯೂವಲ್ ಸುದ್ದಿ ಇನ್ನೂ ಬಂದಿಲ್ಲ ಎಂದು ನೆನಪಿಸಿದೆ. "ಅದಕ್ಕೇ ಬಿಸಾಡುವ" ಎಂದಳು. (ಹೊಟ್ಟೆಕಿಚ್ಚು ಕೊಡುವ ಧೈರ್ಯವನ್ನು ಬೇರೆ ಯಾವುದೂ ಕೊಡುವುದಿಲ್ಲ.) ಟಿವಿಯ ಕಾರ್ಟನ್ ಇಳಿಸಿ ಕಾರಿಡಾರ್‌ನಲ್ಲಿ, ಕಸ ಹಾಕುವ ಜಾಗದ ಪಕ್ಕ ನಿಲ್ಲಿಸಿದೆವು. ಕಪಾಟಿನ ಮೇಲೆ ಗೋಡೆ ಕಂಡಿತು. ಆ ತುಂಡಿನ ಬಣ್ಣ ಇನ್ನೂ ಹೊಸದಾಗಿಯೇ ಇತ್ತು.

ಕೈ ತೊಳೆಯುವಷ್ಟರಲ್ಲಿ ಬೆಲ್ ಆಯಿತು. ಎದುರಿನ ಫ್ಲ್ಯಾಟ್‌ನ ಹಮೀದ್, ಉಪ್ಪಿನಂಗಡಿಯವರು.

"ಎಂತ ಸರ್, ಕಾರ್ಟನ್ ಹೊರಗೆ ಬಂತು? ಖಲಾಸಾ? ಊರಿಗಾ?"

"ಇಲ್ಲ ಹಮೀದ್ ಭಾಯ್. ನಾವು ಇಲ್ಲೇ ಇರ್ತೇವೆ."

"ಒಳ್ಳೇದಾಯ್ತು. ಹಾಗಾದ್ರೆ ಅದನ್ನು ನಾನು ತಗೊಳ್ಳಲಾ? ನಮ್ಮ ಟಿವಿದು ಹೆಂಡತಿ ಬಿಸಾಡಿದ್ದು. ಈಗಲೂ ಅದಕ್ಕೆ ಜಗಳ ಉಂಟು."

"ಅದು ಬೇಕು!" ಶಶಿ ಮತ್ತು ನಾನು ಒಟ್ಟಿಗೇ ಹೇಳಿದೆವು.

ಇಲ್ಲೇ ಇರುತ್ತೇವೆ. ಕಾರ್ಟನ್ ಬೇಕು. ಒಂದೇ ಬಾಗಿಲಲ್ಲಿ ನಿಂತು ಕೊಟ್ಟ ಎರಡು ಹೇಳಿಕೆ. ನೀವು ಡೆಸ್ಕ್‌ನಲ್ಲಿದ್ದರೆ ಯಾವುದನ್ನು ಹೆಡ್‌ಲೈನ್ ಮಾಡುತ್ತಿದ್ದಿರಿ?