ಕುರಿಯ ಹಿಂದೆ ನಡೆದ ಶಾಲೆ

ಹೋದ ವಾರ ಸೊಲ್ಲಾಪುರದಿಂದ ತಡವಳಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಮುದುಕ ಬಂದು ನನ್ನ ಪಕ್ಕ ಕುಳಿತ. ಹೆಗಲ ಮೇಲೆ ಕರಿ ಕಂಬಳಿ. ಉಣ್ಣೆ, ಬಿಸಿಲು, ಒಲೆಯ ಹೊಗೆ ಎಲ್ಲ ಕೂಡಿದ ಆ ವಾಸನೆಗೆ ಕಿಟಕಿಯ ಬಳಿ ಕುಳಿತ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೆ ಅಕ್ಕೋರು ನೆನಪಾದರು...

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಐವತ್ತರ ದಶಕದಲ್ಲಿ ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಒಂದೇ ಕೋಣೆಯ ಕನ್ನಡ ಶಾಲೆಗೆ ಅವರು ಬಂದರು. ಸೊಲ್ಲಾಪುರದ ಗಿರಣಿ ಚಾಳಿನಲ್ಲಿ, ಪಾಳಿಗೆ ಕರೆಯುವ ಭೋಂಗಾದ ಸದ್ದಿಗೆ ಎದ್ದು ಬೆಳೆದವರು. ಶೇಂಗಾ ಮಣ್ಣಿನೊಳಗೆ ಕಾಯಿ ಬಿಡುತ್ತದೆ ಎಂಬುದನ್ನು ನಮ್ಮೂರಿಗೆ ಬಂದ ಮೇಲೆಯೇ ನೋಡಿದರಂತೆ. ಹಾಗೆಂದು ನಮ್ಮ ಮುಂದೆಯೇ ನಕ್ಕು ಹೇಳಿದರು. ಶನಿವಾರ ಬಂದರೆ ಕೋಣೆಗೆ ಕೀಲಿ ಹಾಕಿ ನಮ್ಮನ್ನೆಲ್ಲ ಹೊರಗೆ ಕರೆದೊಯ್ಯುತ್ತಿದ್ದರು. ಇರುವೆ ಗೂಡು, ಜಾಲಿಯ ಕಾಯಿ, ಹಳ್ಳದ ಕಪ್ಪೆ... ಏನನ್ನಾದರೂ ಸರಿ, ಮುಟ್ಟಬೇಕು, ಮೂಸಬೇಕು, ಆಮೇಲೆ ಪಾಟಿಯ ಮೇಲೆ ಬರೆಯಬೇಕು.

ನಾನು ಒಂದನೇ ಇಯತ್ತೆಯಲ್ಲಿ ಎಲ್ಲರಿಗಿಂತ ದೊಡ್ಡವನು. ಅಲ್ಲಿಯವರೆಗೆ ಕುರಿ ಕಾಯ್ದವನು. ಅಣ್ಣನೂ ಅಪ್ಪನೂ ಹಿಂಡು ನೋಡಿಕೊಳ್ಳುತ್ತಿದ್ದುದರಿಂದ ನನಗೆ ಶಾಲೆ ಸಿಕ್ಕಿತ್ತು. ಮೊಣಕಾಲೆತ್ತರದ ಹುಡುಗರು ಕಾಡುತ್ತಿದ್ದರು.

“ಏ ಅಜ್ಜಾ, ಮೀಸಿ ಬಂದಮ್ಯಾಲೆ ಅ ಆ ಕಲಿಯಾಕ ಬಂದೇನೋ?”

ಆ ಬೇಸಿಗೆಗೆ ಅಣ್ಣ ಸೊಲ್ಲಾಪುರದ ಗಿರಣಿ ಸೇರಿದ. ಹಿಂಡಿಗೆ ಕೈ ಸಾಲದಾಯಿತು. ಅದರ ಮೇಲೆ, ಅಕ್ಕೋರು ಮಕ್ಕಳನ್ನು ಹೊಲ ತಿರುಗಿಸುತ್ತಾರೆ ಎಂಬ ಸುದ್ದಿ ಅಪ್ಪನ ಕಿವಿಗೆ ಬಿತ್ತು. ಒಂದು ಶನಿವಾರ ನನ್ನನ್ನು ಬಿಡಿಸಲೆಂದೇ ಬಂದ. ಶಾಲೆಗೆ ಕೀಲಿ. ಹುಡುಕುತ್ತ ಹಳ್ಳದ ದಂಡೆಯ, ಬಿತ್ತದೆ ಬಿಟ್ಟ ಪಡ ಹೊಲಕ್ಕೆ ಬಂದರೆ ನಾವೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದೇವೆ.

“ಅಕ್ಕೋರ, ಹೊಲದಾಗ ಬ್ಯಾಡ ಅಂತ ಸಾಲಿಗೆ ಕಳಸೀವ್ರಿ. ನೀವು ತಿರುಗಿ ಹೊಲಕ್ಕ ತಂದ್ರ ಹ್ಯಾಂಗ್ರಿ? ಇದನ್ನ ನನ್ನ ಕುರಿ ಫುಕಟ ಕಲಸ್ತಾವು.”

ಅಕ್ಕೋರು ತುಟಿಯ ಮೇಲೆ ಬೆರಳಿಟ್ಟರು. ಊರಿನಲ್ಲಿ ಅಪ್ಪನನ್ನು ಹಾಗೆ ಸುಮ್ಮನಿರಿಸಿದವರಿರಲಿಲ್ಲ. ಅವನು ಕುಕ್ಕರಗಾಲಲ್ಲಿ ಕುಳಿತ.

ಮುಂದೆ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಟಿಟವಿ ಹಕ್ಕಿ ಮೊಟ್ಟೆ ಇಟ್ಟಿತ್ತು. ಅವೂ ಕಲ್ಲಿನಂತೆಯೇ ಇದ್ದವು. ಹಕ್ಕಿ ಹಳ್ಳದ ನೀರಲ್ಲಿ ಎದೆ ತೋಯಿಸಿಕೊಂಡು, ಸುತ್ತು ಹಾಕಿ ನಡೆಯುತ್ತ ಬಂದು ಮೊಟ್ಟೆಯ ಮೇಲೆ ಕುಳಿತಿತು.

“ಹಸಿ ಮೈಲೆ ಯಾಕ ಕುಂತೈತಿ?” ಅಕ್ಕೋರು ಪಿಸುಗುಟ್ಟಿದರು.

“ಜಳಕಾ ಮಾಡಿ ಟಾವೆಲ್ ಮರತೈತ್ರಿ,” ಎಂದ ಒಬ್ಬ.

ಅಕ್ಕೋರು ನಮ್ಮನ್ನು ದೂರ ಕರೆದೊಯ್ದು ಬಿಸಿಲಲ್ಲಿ ಕಾದ ಕಲ್ಲು ಮುಟ್ಟಿಸಿದರು. ಇನ್ನೊಂದು ಕಲ್ಲಿನ ಮೇಲೆ ತಮ್ಮ ಸೆರಗಿನ ಹಸಿ ತುದಿ ಹಾಕಿ, ತೆಗೆದು, ತಂಪಾದ ಅದನ್ನೂ ಮುಟ್ಟಿಸಿದರು. ಎಲ್ಲರದಾದ ಮೇಲೆ ಅಪ್ಪನೂ ಕೈ ಚಾಚಿ ಎರಡನ್ನೂ ಮುಟ್ಟಿ ನೋಡಿದ.

ಆಮೇಲೆ ಎರಡು ಮಾತು ತಿಳಿಸಿದ. ಒಂದು, ನಾನು ಇನ್ನು ಮುಂದೆ ಶಾಲೆಗೆ ಬರುವುದಿಲ್ಲ. ಇನ್ನೊಂದು, ಅದೇ ಹೊಲದಲ್ಲಿ ಅಂದು ರಾತ್ರಿ ನಮ್ಮ ಕುರಿ ಕೂಡಿಸಬೇಕು. ಮಳೆಗಾಲಕ್ಕೆ ಮುಂಚೆ ಗೊಬ್ಬರಕ್ಕಾಗಿ ಹೊಲದವರು ಹಿಂಡನ್ನು ಕರೆಸಿ, ಸುತ್ತ ಬಲೆ ಕಟ್ಟಿ ರಾತ್ರಿಯಿಡೀ ಕೂಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅಷ್ಟು ಗೊರಸಿನ ಕೆಳಗೆ ಮೊಟ್ಟೆ ಉಳಿಯುವ ಮಾತೇ ಇಲ್ಲ.

ಅಕ್ಕೋರು ಬೇಡಿಕೊಳ್ಳಲಿಲ್ಲ. ಮೊಟ್ಟೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಅಪ್ಪ ತುಸು ಹೊತ್ತು ಗಡ್ಡ ಕೆರೆದುಕೊಂಡ. ಬಲೆಯ ಮೊದಲ ಗೂಟಕ್ಕೆ ಕುರಿ ಕಾಯುವವರ ದೇವರು ಬೀರೋಬಾನ ಅರಿಶಿನದ ಭಂಡಾರ ಹಚ್ಚುವುದು ವಾಡಿಕೆ. ಹಳದಿ ಹಚ್ಚಿದ ಆ ಗೂಟವನ್ನು ಸಂಜೆ ಅಕ್ಕೋರ ಎದುರಿಗೇ ಮೊಟ್ಟೆಗಳ ಈಚೆ ಹೊಡೆದು, ಬಲೆಯನ್ನು ಸೊಟ್ಟಗೆ ತಿರುಗಿಸಿ ಗೂಡನ್ನು ಹೊರಗೆ ಬಿಟ್ಟ.

“ಮರಿ ಹೊರಬೀಳೂತನಕ ಇವ ಸಾಲಿಗೆ ಬರಲಿ. ಮುಂದ ಕೇಳಬ್ಯಾಡ್ರಿ,” ಎಂದ.

ಎಲ್ಲರೂ ಮರಿಗಳ ದಾರಿ ಕಾಯುತ್ತಿದ್ದರು. ನಾನೊಬ್ಬನೇ ಮೊಟ್ಟೆ ಒಡೆಯದಿರಲಿ ಎಂದು ದಿನಾ ಬೀರೋಬಾನಿಗೆ ಕೈಮುಗಿಯುತ್ತಿದ್ದೆ... ಆದರೆ ಒಂದು ಮುಂಜಾನೆ ಗೂಡಿನಲ್ಲಿ ಚಿಪ್ಪಷ್ಟೇ ಇತ್ತು. ಮರಿಗಳು ಆಗಲೇ ತಾಯಿಯ ಹಿಂದೆ ಓಡಾಡುತ್ತಿದ್ದವು. ಅಕ್ಕೋರು ಸುಮ್ಮನಿದ್ದುಬಿಡಬಹುದಿತ್ತು. ಸಂಜೆ ತಾವೇ ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದರು.

“ಮರಿ ಹೊರಬಿದ್ದಾವ್ರಿ.”

ಮರುದಿನ ನಾನು ಕುರಿಯ ಹಿಂದೆ ಹೊರಟೆ. ಅಕ್ಕೋರ ಮೇಲೆ ಸಿಟ್ಟು ಬಂದಿತ್ತು.

ಶನಿವಾರ ಮೇವಿನ ಮಾಳದಲ್ಲಿ ನಿಂತಿದ್ದೆ. ಕೆಳಗಿನ ದಾರಿಯಲ್ಲಿ ಧೂಳೆದ್ದಿತು. ಮುಂದೆ ಅಕ್ಕೋರು, ಹಿಂದೆ ಸಾಲಾಗಿ ಮಕ್ಕಳು. ಬಂದವರೇ ನನ್ನ ಕುರಿಗಳ ಮಗ್ಗುಲಲ್ಲಿ ಬೇವಿನ ಕೆಳಗೆ ಕುಳಿತರು.

“ಬಾರೋ. ಈ ವಾರ ಏನ್ ನೋಡಿದಿ ಹೇಳು,” ಎಂದರು.

ನಾನು ಹೇಳಿದ್ದನ್ನು ಮಕ್ಕಳು ಪಾಟಿಯ ಮೇಲೆ ಬರೆದರು. ಕೊನೆಗೆ ನನ್ನ ಕೋಲನ್ನು ನನ್ನ ಕೈಗೇ ಕೊಟ್ಟು, ಧೂಳಿನಲ್ಲಿ ನನ್ನಿಂದಲೂ ಬರೆಯಿಸಿದರು. ಮುಂದಿನ ಶನಿವಾರ ಹಿಂಡು ಎಲ್ಲಿತ್ತೋ ಶಾಲೆ ಅಲ್ಲಿಗೆ ಬಂತು. ಅದರ ಮುಂದಿನ ಶನಿವಾರವೂ. ಊರ ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು.

“ಅಕ್ಕೋರ, ಸಾಲಿ ಈಗ ಕುರಿ ಹಿಂದ ಹೊಂಟೈತೆನ್ರಿ?”

“ಹೌದ್ರಿ. ಅವು ಒಂದ ಕಡೆ ನಿಲ್ಲಂಗಿಲ್ಲ. ನಾವ ಹೋಗಬೇಕು.”

ಮಳೆಗಾಲ ಹಿಡಿದ ಮೇಲೆ ಒಂದು ದಿನ ಅಪ್ಪ ನನ್ನ ರಟ್ಟೆ ಹಿಡಿದು ಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿದ.

“ಶನಿವಾರ ಬಂತಂದ್ರ ಇವ ನಿಮ್ಮ ದಾರಿ ನೋಡ್ಕೋತ ಕೂಡ್ತಾನು. ಕುರಿ ಮಂದಿ ಬೆಳ್ಯಾಗ ಹೊಕ್ಕು ನನಗ ಬೈಗುಳ ತರ್ತಾವು. ಇಂಥವ ನನಗ ಏನ್ ಉಪಯೋಗಿಲ್ರಿ. ನೀವ ಇಟ್ಕೊರ್ರಿ.”

ಅಕ್ಕೋರು ನಗಲಿಲ್ಲ. ಬಾಗಿಲಿನಿಂದ ತುಸು ಸರಿದು ನನಗೆ ಒಳಗೆ ದಾರಿ ಕೊಟ್ಟರು. ಅವರ ಕಣ್ಣು ತುಂಬಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಕೂಡಲು ಜಾಗ ಹುಡುಕುತ್ತಿದ್ದೆ...

ನಾನು ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಆಮೇಲೆ ನನ್ನ ಓದು ನಿಂತು ನಿಂತು ಸಾಗಿತು. ಮ್ಯಾಟ್ರಿಕ್ ಪಾಸಾದಾಗ ಮಗನೊಬ್ಬ ಆಗಲೇ ಶಾಲೆಗೆ ಹೋಗುತ್ತಿದ್ದ. ಸೊಲ್ಲಾಪುರದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ವಯಸ್ಸು ಕಳೆಯಿತು. ಅವರು ಎಲ್ಲಿದ್ದಾರೆಂದು ಕೇಳಿದ ಕಡೆಯೆಲ್ಲ ಗೊತ್ತಿಲ್ಲ ಎಂದರು.

ಮೊನ್ನೆ ಕೊನೆಗೂ ಪತ್ತೆ ಹಚ್ಚಿ, ಅಕ್ಕಲಕೋಟ ರಸ್ತೆಯ ಕಡೆ ಅವರ ತಮ್ಮನ ಮಗಳ ಮನೆಗೆ ಹೋದೆ.

“ಆತ್ಯಾ ಹೋಗಿ ಭಾಳ ವರ್ಷ ಆತ್ರಿ,” ಎಂದಳು ಆಕೆ. “ಕಡೀಕ ಒಳಗ ಮಲಗಾಕ ಒಲ್ಲೆ ಅಂತಿದ್ಲು. ಇಲ್ಲೇ ಕಟ್ಟಿ ಮ್ಯಾಲೆ ಹಾಸಿ ಕೊಡ್ತಿದ್ವಿ. ಕುಂದರ್ರಿ, ಚಾ ತರ್ತೀನಿ.”

ಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಪವರ್‌ಲೂಮ್ ಶೆಡ್ಡಿನ ಗೋಡೆ, ಅದರ ಮೇಲೆ ಒಂದಿಷ್ಟು ಆಕಾಶ. ಆಕೆ ಚಹಾ ಕೊಟ್ಟು ಕೇಳಿದಳು.

“ಏನ್ ಕೆಲಸಿತ್ರಿ ಆತ್ಯಾ ಕಡೆ?”

“ನಾ ಸಾಲಿ ಮುಗಿಸಿದೆ ಅಂತ ಹೇಳೂದಿತ್ತವ್ವಾ,” ಎಂದೆ.

ಆಕೆ ನನ್ನ ಬಿಳಿ ಕೂದಲನ್ನು ನೋಡುತ್ತ ನಿಂತಳು.