ಅಟ್ಟದ ಮೇಲಿನ ಬ್ಯಾಟರಿ

ತಪ್ಪೊಪ್ಪಿಕೊಂಡೇ ಶುರುಮಾಡುತ್ತೇನೆ. ಗಾಡಿ ಇನ್ನೂ ಕೈಗೆ ಬಂದಿರಲಿಲ್ಲ. ಅದು ಎಷ್ಟು ಉದ್ದ, ಎಷ್ಟು ಅಗಲ ಎಂಬುದೂ ತೀರ್ಮಾನವಾಗಿರಲಿಲ್ಲ. ನಾನು ಮಾತ್ರ ಆಷಾಢದಲ್ಲೇ ಬೆಂಗಳೂರಿಗೆ ಹೋಗಿ ಅದಕ್ಕೆ ಬ್ಯಾಟರಿ ತಂದುಬಿಟ್ಟಿದ್ದೆ. ಅರಸೀಕೆರೆ ಸ್ಟೇಷನ್ನಿನಿಂದ ಮನೆಯವರೆಗೆ ಜಟಕಾದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಪಂಚೆಯಲ್ಲಿ ಮೂರು ತೂತು ಬಿದ್ದದ್ದು ಮಾರನೆಯ ದಿನ ಗೊತ್ತಾಯಿತು. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುವ ಮೇಷ್ಟರು ನಾನು. ಆಮ್ಲ ಬಟ್ಟೆಯನ್ನು ತಿನ್ನುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ.

ಯಾವ ಗಾಡಿ ಎಂದು ಕೇಳುತ್ತೀರಿ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಪರದೇಶದವರು ಅದರಲ್ಲಿ ಸಮುದ್ರತೀರಕ್ಕೆ ಹೋಗಿ ಬಿಸಿಲು ಕಾಯಿಸುತ್ತಾರಂತೆ. ಚಿತ್ರವನ್ನು ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ನೋಡಿದ್ದೇ ತಡ, ನನಗೆ ನಿದ್ದೆ ಹಾರಿಹೋಯಿತು. ಸಮುದ್ರದ ಆಸೆಯಿಂದಲ್ಲ. ನಮ್ಮ ಅಮ್ಮನ ಮಡಿಯ ದೆಸೆಯಿಂದ.

ಅಮ್ಮ ಹುಟ್ಟಿದ್ದು ಹಾರನಹಳ್ಳಿ, ಮದುವೆಯಾಗಿ ಬಂದದ್ದು ಅರಸೀಕೆರೆ. ಬೇಲೂರು ಹಳೇಬೀಡು ಮಗ್ಗುಲಲ್ಲೇ ಇದ್ದರೂ ಅರವತ್ತೆಂಟು ವರ್ಷ ಅವುಗಳನ್ನು ನೋಡದೆ ಕಳೆದಳು. ಹೋಟೆಲಿನ ನೀರು ಮುಟ್ಟುವವಳಲ್ಲ, ಛತ್ರದ ಒಲೆ ಹಚ್ಚುವವಳಲ್ಲ. ಊರಿನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ಅವಳಪ್ಪ ಚಿಕ್ಕಂದಿನಲ್ಲಿ ಹೇಳಿದ್ದರಂತೆ, ಬೇಲೂರಿನ ಗುಡಿಯೊಳಗೆ ಹೋದರೆ ದೇವರನ್ನು ನೋಡಿದ ಮೇಲೆ ತಲೆ ಎತ್ತಿ ಛಾವಣಿ ನೋಡಬೇಕು, ಮರೆಯಬಾರದು ಎಂದು. ಅದನ್ನು ಅಮ್ಮ ವರ್ಷಕ್ಕೆರಡು ಸಲವಾದರೂ ನೆನೆಸಿಕೊಳ್ಳುತ್ತಿದ್ದಳು. ನಾನು "ಆಗಲಿ ಅಮ್ಮ, ಎಲ್ಲ ಅನುಕೂಲ ಆಗಲಿ" ಎನ್ನುತ್ತಿದ್ದೆ. ಹೀಗೆ ಅನುಕೂಲಕ್ಕೆ ಕಾಯುತ್ತಿರುವಾಗಲೇ ಹಾಸನದ ಕಣ್ಣು ಡಾಕ್ಟರು, ಎರಡೂ ಕಣ್ಣಿಗೆ ಪೊರೆ ಬರುತ್ತಿದೆ, ಆಪರೇಷನ್ ಆಗಬೇಕು ಎಂದರು. ಕತ್ತರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಸೆರಗು ಹೊದ್ದು ಎದ್ದು ಬಂದುಬಿಟ್ಟಳು. ಮನೆ ಹತ್ತಿರ ಬಂದಾಗ, "ಛಾವಣಿ ಅಷ್ಟು ಎತ್ತರದಲ್ಲಿರತ್ತೆ. ಇನ್ನು ನನಗೆಲ್ಲಿ ಕಾಣತ್ತೋ" ಅಂದಳು.

ಅಮ್ಮ ಹೊರಗೆ ಉಣ್ಣದಿದ್ದರೆ ಅಡುಗೆಮನೆಯೇ ಜೊತೆಗೆ ಬರಲಿ ಎಂದು ಆವತ್ತೇ ನಿಶ್ಚಯಿಸಿದೆ. ಯುದ್ಧಕಾಲದ ಜೀಪಿನ ಟ್ರೈಲರೊಂದು ಹರಾಜಿನಲ್ಲಿ ಸಿಕ್ಕಿತು. ಬಡಗಿ ಅದರ ಮೇಲೆ ಹಲಗೆಯ ಕೋಣೆ ಎಬ್ಬಿಸುತ್ತೇನೆಂದು ಒಪ್ಪಿ, ಒಪ್ಪಿದ ಮೇಲೆ ಆರು ತಿಂಗಳು ಆಡಿಸಿದ. ಒಳಗೆ ಇದ್ದಿಲೊಲೆಗೆ ತಗಡಿನ ಕಟ್ಟೆ, ಮಡಿ ನೀರಿಗೆ ತಾಮ್ರದ ಕೊಳಗ, ಪಕ್ಕದಲ್ಲಿ ಮಲಗುವ ಹಲಗೆ. ಉಳಿದದ್ದು ದೀಪ. ಲಾಟೀನಿನ ಬೆಳಕಿನಲ್ಲಿ ಅಮ್ಮನಿಗೆ ಅಕ್ಕಿ ಯಾವುದು ಕಲ್ಲು ಯಾವುದು ತಿಳಿಯುತ್ತಿರಲಿಲ್ಲ. ಅದಕ್ಕೇ ಈ ಬ್ಯಾಟರಿ. ಅವಸರ ತಡೆಯಲಾರದೆ ಅದನ್ನೇ ಮೊದಲು ತಂದದ್ದು. "ಬ್ಯಾಟರಿ ಬಂತು, ಇನ್ನು ಅದಕ್ಕೊಂದು ಮನೆ ಕಟ್ಟಿಸ್ತಾರೆ" ಎಂದು ನನ್ನ ಹೆಂಡತಿ ಬೀದಿಗೆಲ್ಲ ಸಾರಿದಳು.

ಕೊಳ್ಳುವ ಮೊದಲು ನಾನು ಸಲಹೆ ಕೇಳದೆ ಇರಲಿಲ್ಲ. ನಮ್ಮ ಬೀದಿಯ ಮಲ್ಲೇಶಣ್ಣ ಜಂಕ್ಷನ್ನಿನಲ್ಲಿ ರೈಲು ಡಬ್ಬಿಗಳ ದೀಪದ ಬ್ಯಾಟರಿ ನೋಡಿಕೊಳ್ಳುವವರು. ಅವರು ಬೀಡಿ ಆರಿಸಿ ಹೇಳಿದರು: "ನೋಡಿ ಮೇಷ್ಟ್ರೇ, ಕಾರಿನ ಬ್ಯಾಟ್ರಿ ಬ್ಯಾರೆ, ದೀಪದ ಬ್ಯಾಟ್ರಿ ಬ್ಯಾರೆ. ಕಾರಿಂದು ಇಂಜಿನ್ನಿಗೆ ಒಂದ್ಸಲ ಜೋರಾಗಿ ಒದ್ದು ಸುಮ್ಕಾಯ್ತದೆ, ಅದರೊಳಗಿನ ಸೀಸದ ತಗಡು ತೆಳ್ಳಗಿರ್ತಾವೆ. ಗಂಟೆಗಟ್ಟಲೆ ನಿಧಾನಕ್ಕೆ ಉರೀಬೇಕು ಅಂದ್ರೆ ದಪ್ಪ ತಗಡಿಂದೇ ಆಗ್ಬೇಕು. ಹೊಳಪು ನೋಡ್ಬ್ಯಾಡಿ, ತೂಕ ನೋಡಿ." ನಾನು ತಲೆಯಾಡಿಸಿದೆ. ಬೆಂಗಳೂರಿನ ಅಂಗಡಿಗೆ ಹೋಗಿ ಹೊಳಪು ನೋಡಿದೆ. ಕರೀ ಮೈ, ಕೆಂಪು ಮುಚ್ಚಳ, ಕನ್ನಡಿಯಂತೆ ಮುಖ ಕಾಣುತ್ತಿತ್ತು. ಅದು ಕಾರಿನದು.

ತಂದದ್ದನ್ನು ಏನು ಮಾಡಿದೆ ಗೊತ್ತೇ? ಹೊಸದು, ಪ್ರಯಾಣದ ದಿನಕ್ಕಿರಲಿ ಎಂದು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ನಮ್ಮ ಮನೆತನದ ರೋಗ ಇದು. ಒಳ್ಳೆಯದೆಲ್ಲ ಅಟ್ಟ ಸೇರುತ್ತದೆ. ನನ್ನ ಮದುವೆಯಲ್ಲಿ ಬಂದ ಗಾಜಿನ ಲೋಟಗಳು ಇನ್ನೂ ಹುಲ್ಲಿನೊಳಗೇ ಇವೆ. ಅಮ್ಮನ ಟ್ರಂಕಿನಲ್ಲಿ ಒಳ್ಳೇ ದಿನಕ್ಕೆಂದು ಇಟ್ಟ ರೇಷ್ಮೆ ಸೀರೆ ಮಡಿಕೆಯ ಗೆರೆಗಳಲ್ಲೇ ಹರಿಯತೊಡಗಿತ್ತು. ಆಯುಧಪೂಜೆಗೆ ಬ್ಯಾಟರಿಯನ್ನು ಇಳಿಸಿ, ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿ ಮತ್ತೆ ಅಟ್ಟಕ್ಕೇರಿಸಿದೆ. ಎಷ್ಟು ಚೆನ್ನಾಗಿ ಕಾಪಾಡುತ್ತಿದ್ದೇನೆಂದು ಹೆಮ್ಮೆ ಬೇರೆ.

ಸಂಕ್ರಾಂತಿ ಕಳೆದು ಗಾಡಿ ಮುಗಿಯಿತು. ಗುರುವಾರ ಹೊರಡುವುದೆಂದಾಯಿತು. ಮಂಗಳವಾರ ಬ್ಯಾಟರಿ ಇಳಿಸಿ ತಂತಿ ಸೇರಿಸಿದೆ. ಇಡೀ ಬೀದಿ ಹಿತ್ತಲಲ್ಲಿ ನೆರೆದಿತ್ತು. ಬಲ್ಬಿನೊಳಗಿನ ಎಳೆ ಊದುಬತ್ತಿಯ ತುದಿಯಷ್ಟು ಕೆಂಪಾಗಿ, ಹಾಗೇ ಕಪ್ಪಾಯಿತು. ಮಲ್ಲೇಶಣ್ಣ ಬಂದು ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟು ನೋಡಿದರು. ಒಳಗೆ ತಗಡಿಗೆಲ್ಲ ಬಿಳಿಯ ಪುಡಿ ಕಟ್ಟಿತ್ತು.

"ಎಲ್ಲಿ ಮಡಗಿದ್ರಿ ಇದನ್ನ?"

"ಅಟ್ಟದ ಮೇಲೆ. ಒಂದು ದಿನವೂ ಉಪಯೋಗಿಸಿಲ್ಲ."

"ಅದಕ್ಕೇ ಸತ್ತೋಗೈತೆ." ಅವರು ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು. "ಅಮ್ಮಾರೇ, ನೀವು ಎಮ್ಮೆ ಸಾಕಿದೋರು. ಕರೆಯೋ ಎಮ್ಮೇನ ಆರು ತಿಂಗಳು ಕರೀದೆ ಕಟ್ಟಾಕಿದ್ರೆ ಏನಾಯ್ತದೆ?"

"ಬತ್ತಿಹೋಗತ್ತೆ" ಎಂದಳು ಅಮ್ಮ, ಇದೇನು ಕೇಳುವ ಮಾತೇ ಎಂಬಂತೆ.

ವಿಜ್ಞಾನದ ಮೇಷ್ಟರು ಅಲ್ಲೇ ನಿಂತಿದ್ದರು. ಸೀಸ, ಗಂಧಕಾಮ್ಲ ಎಲ್ಲವೂ ಬಾಯಿಪಾಠ. ಆದರೆ ಸುಮ್ಮನಿಟ್ಟರೆ ಕೆಡುವ ವಸ್ತುವೂ ಲೋಕದಲ್ಲಿದೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಅಮ್ಮ ಒಳಗೆ ಹೋಗಿ, ಕಟ್ಟಿಟ್ಟಿದ್ದ ಅಕ್ಕಿ ಬೇಳೆಯ ಗಂಟನ್ನು ಬಿಚ್ಚತೊಡಗಿದಳು. ಅದನ್ನು ಕಂಡು ಮಲ್ಲೇಶಣ್ಣ, "ಗಂಟು ಬಿಚ್ಬ್ಯಾಡಿ ಅಮ್ಮಾರೇ, ಒಸಿ ತಡೀರಿ, ಬತ್ತೀನಿ" ಎಂದು ಹೊರಟುಹೋದರು.

ಬಂದಾಗ ಹೆಗಲ ಮೇಲೆ ಅವರ ಸ್ವಂತ ರೇಡಿಯೋದ ಬ್ಯಾಟರಿ ಇತ್ತು. ಮೈಯೆಲ್ಲ ತರಚು, ಒಂದು ಮೂಲೆಗೆ ಡಾಂಬರಿನ ತೇಪೆ, ಹೊರಲಾರದಷ್ಟು ತೂಕ. ಆರು ವರ್ಷದಿಂದ ದಿನವೂ ದುಡಿದದ್ದು. ತಂತಿ ಮುಟ್ಟಿಸಿದೆ ನೋಡಿ, ಹಿತ್ತಲ ಬಾವಿಕಟ್ಟೆಯವರೆಗೂ ಝಗ್ಗೆಂದು ಬೆಳಕಾಯಿತು. ನನಗೆ ಕುಣಿಯುವಂತಾಯಿತು, ಸ್ವಲ್ಪ ಕುಣಿದೆನೆಂದೂ ಹೆಂಡತಿ ಹೇಳುತ್ತಾಳೆ. ಅದರ ಉಪಚಾರವನ್ನು ಮಲ್ಲೇಶಣ್ಣ ನನಗೆ ವಹಿಸಲಿಲ್ಲ, ಅಮ್ಮನಿಗೆ ವಹಿಸಿದರು. ಭಟ್ಟಿ ಇಳಿಸಿದ ನೀರನ್ನು ತಗಡು ಮುಳುಗುವಷ್ಟೇ ಹಾಕಬೇಕು, ಬೇರೆ ನೀರು ಸೋಕಬಾರದು, ಮುಚ್ಚಳದ ತೂತು ಕಟ್ಟಬಾರದು, ತಂತಿ ಕಚ್ಚುವ ಕಡೆ ಒರೆಸಿ ವ್ಯಾಸಲೀನ್ ಸವರಬೇಕು. ಇಂಥ ಕಟ್ಟುಪಾಡು ಅಮ್ಮನಿಗೆ ಹೊಸದೇ? ನೀರಿನ ಶೀಷೆಯನ್ನು ಮಡಿ ಕೊಳಗದ ಪಕ್ಕದಲ್ಲಿಟ್ಟು, ನಾನು ಅದರ ಹತ್ತಿರ ಸುಳಿಯಕೂಡದೆಂದಳು.

ಗುರುವಾರ ಬಾಡಿಗೆ ಕಾರಿನ ಹಿಂದೆ ಗಾಡಿ ಕಟ್ಟಿಕೊಂಡು ಹೊರಟೆವು. ಅಮ್ಮ ಆ ರೇಷ್ಮೆ ಸೀರೆ ಉಟ್ಟಿದ್ದಳು, ಹರಿದ ಗೆರೆಗಳನ್ನು ನೆರಿಗೆಯಲ್ಲಿ ಮುಚ್ಚಿಕೊಂಡು. ಹಾರನಹಳ್ಳಿ ಬಂದಾಗ ತವರಿನ ಬೀದಿಗೆ ಕೈಮುಗಿದಳು. ಹಳೇಬೀಡಿನ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಸಂಜೆ ದೀಪ ಹಾಕಿದರೆ, ಅಮ್ಮ ಅಕ್ಕಿಯಲ್ಲಿನ ಕಲ್ಲು ಆರಿಸಿ, ಸಾರು ಕುದಿಸಿ ಬಡಿಸಿದಳು. ಅರವತ್ತೆಂಟು ವರ್ಷದಲ್ಲಿ ಪರವೂರಿನಲ್ಲಿ ಅವಳ ಮೊದಲ ಊಟ ಅದು. ನಾನು ಮೂರು ಸಲ ಅನ್ನ ಹಾಕಿಸಿಕೊಂಡೆ.

ಮಾರನೆಯ ದಿನ ಬೇಲೂರು. ದೇವರ ದರ್ಶನ ಮಾಡಿ ಅಮ್ಮ ತಲೆ ಎತ್ತಿದಳು. ನನಗೇ ಮೇಲೆ ಬರೀ ಕತ್ತಲು ಕಂಡಿತು. ಅವಳಿಗೆ ಅಷ್ಟೂ ಕಾಣಲಿಲ್ಲ. ಅರ್ಚಕರನ್ನು ಕೇಳಿ ಒಪ್ಪಿಸಿ, ಬ್ಯಾಟರಿ ಹೊತ್ತು ತಂದು ಹೊಸಲಿನ ಹೊರಗಿಟ್ಟು, ಉದ್ದದ ತಂತಿ ಎಳೆದು, ಕಾರಿನಿಂದ ಬಿಚ್ಚಿದ ದೊಡ್ಡ ದೀಪವನ್ನು ಮೇಲಕ್ಕೆ ಹಿಡಿದೆ. ಸುತ್ತಿನೊಳಗೆ ಸುತ್ತು ಕೆತ್ತಿದ ಛಾವಣಿ, ಎಲ್ಲ ಕಲ್ಲೂ ಒಮ್ಮೆಗೇ ಎದ್ದುಬಂತು. ಆ ಕತ್ತಲಲ್ಲಿ ಯಾರಿಗೆ ಕಾಣುತ್ತದೆಂದು ಶಿಲ್ಪಿ ಲೆಕ್ಕ ಹಾಕಲಿಲ್ಲ, ಕೈಯಲ್ಲಿದ್ದದ್ದನ್ನೆಲ್ಲ ಅಲ್ಲೇ ಸುರಿದುಬಿಟ್ಟಿದ್ದ. ಅಮ್ಮ ಕಂಬ ಹಿಡಿದು, ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಕಾಣ್ತಿದೆ ಕಣೋ. ಅಪ್ಪ ಹೇಳಿದ ಹಾಗೇ ಇದೆ" ಅಂದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

ಬಹಳ ಹೊತ್ತಾಯಿತು. ನನ್ನ ತೋಳು ಸೋತಿತು. ಜೊತೆಗೆ ಮನೆತನದ ಹಳೇ ರೋಗವೂ ತಲೆಯೆತ್ತಿತು: ಇರುವುದೊಂದು ಬ್ಯಾಟರಿ, ಸಂಜೆಗೆ ಬೇಕು, ಪರರ ಸೊತ್ತು ಬೇರೆ.

"ಅಮ್ಮ, ಬ್ಯಾಟರಿ ಇಳಿಯುತ್ತೆ. ಆರಿಸಲೇ?"

ಅಮ್ಮ ತಲೆ ತಗ್ಗಿಸಲಿಲ್ಲ.

"ಯಾಕೋ, ಅಟ್ಟದ ಮೇಲಿಡೋದಕ್ಕಾ?"

ನಾನು ದೀಪವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡು ನಿಂತೆ.